ಬೈಗುಳದ ಬದಲಿ

ಹೆಡ್‌ಫೋನಿನಲ್ಲಿ ಸೂಚನೆಯ ಸದ್ದು ಮೂರು ಸಲ ಕೀಂ ಎನ್ನುತ್ತದೆ. ನಾಲ್ಕನೆಯ ಸಲ ಎನ್ನುವುದಿಲ್ಲ. ಅದು ಎನ್ನಬೇಕಾಗಿದ್ದ ಕ್ಷಣಕ್ಕೆ ಸರಿಯಾಗಿ ಬಾಯಿ ತೆರೆದು ಇನ್ನೊಬ್ಬನ ಸಿಟ್ಟನ್ನು ಹೊರಗೆ ಬಿಡಬೇಕು. ಹದಿನಾರು ವರ್ಷದಿಂದ ವಾಹಾನ್ ಮನ್ವೆಲ್ಯಾನ್ ಮಾಡುತ್ತ ಬಂದಿರುವ ಕೆಲಸ ಇದೇ. ಬರ್‌ಬ್ಯಾಂಕಿನ ಈ ಸಿನಿಮಾ ಸ್ಟುಡಿಯೋದ ಕಿಟಕಿಯಿಲ್ಲದ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನು ಹಾಕಿಕೊಂಡು, ಎದುರಿನ ಪರದೆಯ ಮೇಲೆ ಗ್ರೇಡಿ ಹಾಲ್ಕಂಬ್ ಎಂಬ ನಟನ ತುಟಿಗಳನ್ನೇ ನೋಡುತ್ತ ಅವನು ನಿಂತಿದ್ದ. ಸಿನಿಮಾದಲ್ಲಿ ಹಾಲ್ಕಂಬ್ ಅಮೆರಿಕದ ಅಧ್ಯಕ್ಷ. ಅಧ್ಯಕ್ಷನ ವಿಮಾನವನ್ನು ಅಪಹರಣಕಾರರು ಹಿಡಿದಿದ್ದಾರೆ, ಅವನ ಹೆಂಡತಿಯನ್ನೂ ಮಗಳನ್ನೂ ಒಂದು ಕೋಣೆಯಲ್ಲಿ ಕೂಡಿಹಾಕಿದ್ದಾರೆ; ಅವನು ಅಂಗಿ ಹರಿದುಕೊಂಡು, ಹುಬ್ಬಿನ ಮೇಲೆ ಅಂದವಾಗಿ ರಕ್ತ ಬಳಿಸಿಕೊಂಡು, ವಿಮಾನದ ತಳದ ಸಾಮಾನು ಕೋಣೆಯಿಂದ ಮೇಲೆ ಹತ್ತಿ ಬಂದು ಒಬ್ಬೊಬ್ಬನನ್ನೇ ಬಡಿಯುತ್ತಾನೆ. ಬಡಿದಾಗೆಲ್ಲ ಬೈಯುತ್ತಾನೆ. ಚಿತ್ರಮಂದಿರದಲ್ಲಿ ಅಧ್ಯಕ್ಷ ಬೈದರೆ ಜನ ಶಿಳ್ಳೆ ಹೊಡೆಯುತ್ತಾರೆ. ಭಾನುವಾರ ಸಂಜೆ ಟೀವಿಯಲ್ಲಿ ಬೈದರೆ ಅದೇ ಜನ ಚಾನೆಲ್ಲಿಗೆ ಕಾಗದ ಬರೆಯುತ್ತಾರೆ. ಹಾಗಾಗಿ ಟೀವಿಯ ಪ್ರತಿಗೆ ಬೈಗುಳವನ್ನು ಕಿತ್ತು, ತುಟಿಗೆ ಹೊಂದುವ ಇನ್ನೊಂದು ಸಾತ್ವಿಕ ಮಾತನ್ನು ಅಲ್ಲಿ ಕೂರಿಸಬೇಕು. ಅಂಥ ಚಿಲ್ಲರೆ ಕೆಲಸಕ್ಕೆ ಹಾಲ್ಕಂಬ್ ಬರುವುದಿಲ್ಲ. ಅವನ ಗಂಟಲು ಬರುತ್ತದೆ. ಅಂದರೆ ವಾಹಾನ್ ಬರುತ್ತಾನೆ.

“ವ್ಯಾನ್, ಚಿನ್ನಾ, ಹದಿನೇಳನೇದು,” ಎಂದಳು ಲೊರೇನ್, ಗಾಜಿನ ಆಚೆಯಿಂದ. ಅವಳು ಈ ಕೆಲಸದ ಮೇಲ್ವಿಚಾರಕಿ. ಮುಂದೆ ಚಾನೆಲ್ಲಿನವರು ಕಳಿಸಿದ ಪಟ್ಟಿ, ಅದರಲ್ಲಿ ನಲವತ್ತೊಂದು ಬೈಗುಳ, ಒಂದೊಂದರ ಮುಂದೆ ಅದರ ಬದಲಿ. “‘ಬೋಳೀಮಗನೇ’ ಅನ್ನೋ ಕಡೆ ‘ಬೋಳುತಲೆಯವನೇ.’”

“ಅವನಿಗೆ ತಲೆ ತುಂಬ ಕೂದಲಿದೆಯಲ್ಲ ಲೊರೇನ್.”

“ಮನೇಲಿ ಕೂತು ಯಾರು ತಲೆ ನೋಡ್ತಾರೆ? ತುಟಿ ನೋಡ್ತಾರೆ.”

“ವಿಗ್ ಇರಬೇಕು ಅಂದ್ಕೋತಾರೆ ಬಿಡು ಗುರೂ,” ಎಂದ ಡೆಲ್. ಡೆಲ್ ಅವಳ ಪಕ್ಕದಲ್ಲಿ ಕೂತು ಧ್ವನಿಯ ಮೇಜು ನೋಡಿಕೊಳ್ಳುವವನು. ದೊಡ್ಡ ಹೊಟ್ಟೆ, ದೊಡ್ಡ ನಗು, ಬೆರಳು ಮಾತ್ರ ಪಿಟೀಲು ವಿದ್ವಾಂಸನದು.

ಕೀಂ, ಕೀಂ, ಕೀಂ. ವಾಹಾನ್ ಬೋಳುತಲೆಯವನೇ ಎಂದು ಗುಡುಗಿದ. ಹೊರಬಂದದ್ದು ಹಾಲ್ಕಂಬನದೇ ಧ್ವನಿ: ಒಳಗೆ ಜಲ್ಲಿಕಲ್ಲು ಉರುಳಿಸಿದಂಥ, ಕೊನೆಯ ಅಕ್ಷರವನ್ನು ಉಗುಳುವಂಥ, ಐವತ್ತು ರಾಜ್ಯಗಳ ಹೆಂಗಸರು ಮೆಚ್ಚಿದ ಧ್ವನಿ. ಲೊರೇನ್ ಹೆಬ್ಬೆರಳೆತ್ತಿದಳು. ಆ ಹೆಬ್ಬೆರಳನ್ನು ಕಂಡಾಗ ವಾಹಾನನೊಳಗೆ ಬೆಳಗಿನಿಂದ ಕೂತಿದ್ದ ಸಿಟ್ಟು ಇನ್ನೊಂದು ಗೇಣು ಮೇಲೇರಿತು. ಇಲ್ಲಿ ಅವನನ್ನು ಎಲ್ಲರೂ ವ್ಯಾನ್ ಎನ್ನುತ್ತಾರೆ. ಮೊದಲ ವರ್ಷ ಇಬ್ಬರು ಮೂವರಿಗೆ ತಿದ್ದಿದ್ದ, ಆಮೇಲೆ ಬಿಟ್ಟ. ವ್ಯಾನ್ ಅಂದರೆ ತಪ್ಪೇನು, ಯಾರು ಕರೆದರೂ ಬರುವ, ಯಾರ ಸಾಮಾನನ್ನಾದರೂ ಹೊತ್ತು ಯಾರದೋ ಮನೆ ಬಾಗಿಲಿಗೆ ಇಳಿಸಿ ಖಾಲಿ ಹಿಂತಿರುಗುವ ಗಾಡಿ. ಕ್ಯಾಮೆರಾದ ಮುಂದೆ ನಿಂತರೆ ಅವನ ಮೂಗು ಹುಬ್ಬು ನೋಡಿ ಕೈಗೆ ಬಂದೂಕು ಕೊಟ್ಟು ಅಪಹರಣಕಾರರ ಸಾಲಿಗೆ ನಿಲ್ಲಿಸುತ್ತಿದ್ದರು. ಕತ್ತಲಲ್ಲಿ ನಿಲ್ಲಿಸಿದರೆ ಅಧ್ಯಕ್ಷ. ತಾನು ಅಧ್ಯಕ್ಷನಾಗಲು ತೊಡಕಾಗಿರುವುದು ತನ್ನ ಮುಖವೊಂದೇ ಎಂದು ಅವನು ತಮಾಷೆ ಮಾಡುತ್ತಿದ್ದ, ಎಲ್ಲರೂ ನಗುತ್ತಿದ್ದರು, ಆ ನಗುವಿನಲ್ಲಿ ಅವನದೂ ಸೇರಿರುತ್ತಿತ್ತು, ಮನೆಗೆ ಹೋಗಿ ಮುಖ ತೊಳೆಯುವಾಗ ಕನ್ನಡಿಯ ಮುಂದೆ ಆ ನಗುವಿಗೆ ಕಪಾಳಕ್ಕೆ ಹೊಡೆಯಬೇಕೆನಿಸುತ್ತಿತ್ತು.

ಬೆಳಿಗ್ಗೆ ಅಕ್ಕ ಫೋನು ಮಾಡಿದ್ದಳು. ಸಿರಾನುಶ್ ಅಕ್ಕನಿಗೆ ಕುಶಲ ಕೇಳುವ ಅಭ್ಯಾಸವಿಲ್ಲ. “ಇನ್ನೆರಡು ವಾರಕ್ಕೆ ಭಾನುವಾರ ಟೀವೀಲಿ ಹಾಕ್ತಾರಂತೆ, ಆ ನಿನ್ನ ಪಿಕ್ಚರು. ಅಮ್ಮ ಪೇಪರಲ್ಲಿ ನೋಡಿದಾಳೆ.”

“ನೋಡಿದ್ರೆ ನೋಡ್ಲಿ.”

“ಬಾಯಿ ಮುಚ್ಚು. ಚರ್ಚಿನ ಹೆಂಗಸರೆಲ್ಲ ನೋಡ್ತಾರೆ, ಅವರ ಸೊಸೇರು ನೋಡ್ತಾರೆ. ಒಂದೂವರೆ ವರ್ಷ ಆದಮೇಲೆ ಮೊದಲನೇ ಸಲ ನಿನ್ನ ಹೆಸರೆತ್ತಿದಳು. ಏನಂದಳು ಗೊತ್ತಾ? ‘ಅಪ್ಪನ್ನ ಆ ವಿಮಾನದಿಂದ ಇಳಿಸು ಅಂತ ಅವನಿಗೆ ಹೇಳು.’ ಅಷ್ಟೇ. ಆಮೇಲೆ ಬದನೆಕಾಯಿ ಹೆಚ್ಚೋಕೆ ಕೂತಳು.”

“ಇಳಿಸದೇ ಇದ್ರೆ?”

“ವಾಹಾನ್ ಜಾನ್,” ಎಂದಳು ಅಕ್ಕ, ಮೆತ್ತಗೆ. ಮನೆಯಲ್ಲಿ ಜಾನ್ ಎಂಬ ಮಾತು ಮುದ್ದಿನದು, ಆದರೆ ಅಕ್ಕ ಅದನ್ನು ಚಾಕುವಿಗೆ ಹಾಕುವ ಒರೆಯಂತೆ ಬಳಸುತ್ತಾಳೆ. “ಇಳಿಸದೇ ಇದ್ರೆ ನೀನು ಅವಳ ಮನೆ ಮೆಟ್ಟಿಲು ಹತ್ತೋದು ಬೇಡ. ಡೋಲ್ಮಾನೂ ನಿಲ್ಲತ್ತೆ.”

ಒಂದೂವರೆ ವರ್ಷದಿಂದ ತಾಯಿ ಅವನೊಂದಿಗೆ ಮಾತಾಡಿರಲಿಲ್ಲ. ಆದರೆ ಪ್ರತಿ ಶನಿವಾರ ಪಕ್ಕದ ಊರು ಗ್ಲೆಂಡೇಲಿನ ಆ ಮನೆಯ ಹೊರಬಾಗಿಲಿನ ಪಕ್ಕದ ಸ್ಟೂಲಿನ ಮೇಲೆ ಒಂದು ಡಬ್ಬಿ ಇಟ್ಟಿರುತ್ತಿದ್ದಳು, ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಬಿಸಿ ಡೋಲ್ಮಾ. ಅವನು ಗಂಟೆ ಒತ್ತಿದರೆ ಒಳಗೆ ಟೀವಿಯ ಸದ್ದು ಹೆಚ್ಚುತ್ತಿತ್ತು. ಅವನು ಡಬ್ಬಿ ತೆಗೆದುಕೊಂಡು, ಹಿಂದಿನ ವಾರದ ಖಾಲಿ ಡಬ್ಬಿ ಅಲ್ಲಿಟ್ಟು ಬರುತ್ತಿದ್ದ. ನಲವತ್ಮೂರು ವರ್ಷದ ಗಂಡಸು, ತೊಳೆದ ಡಬ್ಬಿ ಹಿಡಿದುಕೊಂಡು ಮುಚ್ಚಿದ ಬಾಗಿಲ ಮುಂದೆ. ಪಕ್ಕದ ಮನೆಯವರು ಗಿಡಕ್ಕೆ ನೀರು ಹಾಕುತ್ತ ನೋಡುತ್ತಿದ್ದರು.

“ಹದಿನೆಂಟು,” ಎಂದಳು ಲೊರೇನ್. ಪರದೆಯ ಮೇಲೆ ಗಗನಸಖಿಯನ್ನು ಕೂದಲು ಹಿಡಿದು ಎಳೆದುಕೊಂಡು ಬಂದರು. ಇದರ ಮುಂದಿನದೇ ಆ ದೃಶ್ಯವೆಂದು ವಾಹಾನನಿಗೆ ಗೊತ್ತಿತ್ತು. ಹಾಗೆ ನೋಡಿದರೆ ಅದು ಅವನ ಕೆಲಸವೇ ಆಗಿರಲಿಲ್ಲ. ಸಿನಿಮಾ ತಯಾರಾಗುತ್ತಿದ್ದ ಆ ದಿನವೂ ಅವನು ಹಾಲ್ಕಂಬನ ನಾಲ್ಕು ನರಳಾಟ ಸರಿಮಾಡಲು ಬಂದಿದ್ದ. ಮುಗಿಸಿ ಹೊರಡುವಾಗ ನಿರ್ದೇಶಕ, ಗಡ್ಡವಿಲ್ಲದ, ನಿದ್ದೆಯಿಲ್ಲದ ಹುಡುಗು ಮುಖದವನು, “ನೀನು ಆ ಕಡೆಯವನಲ್ವಾ? ಇಲ್ಲೊಂದು ಬಾಯಿ ಖಾಲಿ ಇದೆ” ಎಂದ. ಅಪಹರಣಕಾರರ ನಾಯಕ ಗಗನಸಖಿಯ ಹಣೆಗೆ ಪಿಸ್ತೂಲು ಇಟ್ಟು, ಗುಂಡು ಹಾರಿಸುವ ಮುಂಚೆ ಅವಳ ಕಿವಿಯಲ್ಲಿ ಏನೋ ಹೇಳುತ್ತಾನೆ, ಕ್ಯಾಮೆರಾ ಅವನ ಬೆನ್ನ ಹಿಂದಿದೆ, ತುಟಿ ಕಾಣುವುದಿಲ್ಲ. ‘ಏನಾದ್ರೂ ಹೇಳು. ನಿನ್ನ ಭಾಷೇಲಿ. ಹೆದರಿಕೆ ಆಗೋ ಹಾಗೆ.’ ಕೀಂ ಕೀಂ ಕೀಂ. ಮಿಮಿಕ್ರಿಯವನ ಪಾಡು ಏನೆಂದರೆ ಅವನ ಬಾಯಿಗೆ ಯೋಚನೆ ಮಾಡಲು ಸಮಯ ಸಿಗುವುದಿಲ್ಲ. ಕೈಗೆ ಹತ್ತಿರ ಯಾವ ಧ್ವನಿ ಇದೆಯೋ ಅದನ್ನೇ ಎತ್ತಿಕೊಳ್ಳುತ್ತದೆ. ಎರಡು ವರ್ಷದ ಹಿಂದೆ ಸತ್ತ ಅಪ್ಪನ ಧ್ವನಿ ಹತ್ತಿರವಿತ್ತು. ಅವನ ಬಾಯಿ ಅಪ್ಪನ ಹಾಗೆ ಮೊದಲು ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ ಟಕ್ ಎಂದಿತು, ಆಮೇಲೆ, ತಗ್ಗಿದ, ತುಸು ಒಡೆದ ದನಿಯಲ್ಲಿ, “ತ್ಸಾವತ್ ತಾನೆಮ್” ಎಂದಿತು.

ನಿನ್ನ ನೋವು ನನಗಿರಲಿ. ಇಷ್ಟೇ ಅದರ ಅರ್ಥ. ವಾಹಾನನ ನಾಡಿನ ಜನ ಜ್ವರ ಬಂದ ಮಗುವಿಗೂ ಹೇಳುತ್ತಾರೆ, ರೊಟ್ಟಿ ಅಂಗಡಿಯ ಸಾಲಿನಲ್ಲಿ ಹಿಂದೆ ನಿಂತ ಅಪರಿಚಿತನಿಗೂ ಹೇಳುತ್ತಾರೆ. ಅಪ್ಪ ಹ್ರಾಂತ್ ಮಾತ್ರ ಚಪ್ಪಲಿಗಳಿಗೂ ಹೇಳುತ್ತಿದ್ದ. ಬಿಟ್ಟುಬಂದ ದೇಶದ ಯೆರೆವಾನಿನಲ್ಲಿ ಕಲಿತ ಕಸುಬು, ಗ್ಲೆಂಡೇಲಿನ ಸಣ್ಣ ಅಂಗಡಿ. ಅಟ್ಟೆ ಕಿತ್ತುಬಂದ ಬೂಟನ್ನು ಗಿರಾಕಿಯ ಕೈಯಿಂದ ತೆಗೆದುಕೊಂಡು, ಮೊಲದ ಮರಿಯನ್ನು ತಿರುಗಿಸಿದ ಹಾಗೆ ಅಂಗಾತ ತಿರುಗಿಸಿ, ಟಕ್, ತ್ಸಾವತ್ ತಾನೆಮ್. ಅಮೆರಿಕದವರು ಅದನ್ನು ಅವನ ಅಂಗಡಿಯ ದರ ಅಂದುಕೊಂಡು ಜೇಬಿಗೆ ಕೈ ಹಾಕುತ್ತಿದ್ದರು. ಆಸ್ಪತ್ರೆಯಲ್ಲಿ, ಕೊನೆಯ ವಾರ, ನೋವು ಪೂರ್ತಿ ಅವನದೇ ಆಗಿದ್ದಾಗ, ರಕ್ತ ತೆಗೆಯಲು ಬಂದ ನರ್ಸಿಗೆ ಹೇಳಿದ್ದ. ಅವಳ ಕೈ ನಡುಗುತ್ತಿತ್ತಂತೆ. ಆ ಮಾತನ್ನು, ಆ ಟಕ್ ಸಮೇತ, ವಾಹಾನ್ ಕೊಲೆಗಾರನ ಬಾಯಿಗೆ ತುರುಕಿದ್ದ. ‘ಅಯ್ಯೋ ದೇವರೇ, ಮೈ ಜುಮ್ಮಂತು. ಇರಲಿ, ಇದೇ ಇರಲಿ!’ ಎಂದ ನಿರ್ದೇಶಕ. ವಾಹಾನನಿಗೆ ಹೆಮ್ಮೆಯಾಗಿತ್ತು. ಅದನ್ನೇ ಅವನು ಇನ್ನೂ ಕ್ಷಮಿಸಿಕೊಂಡಿರಲಿಲ್ಲ. ಗೊತ್ತಿಲ್ಲದೆ ಆಡಿದ್ದಕ್ಕೆ ಏನಾದರೂ ಸಮಾಧಾನ ಹೇಳಿಕೊಳ್ಳಬಹುದು. ಆಡಿದಮೇಲೆ ಹೆಮ್ಮೆ ಪಟ್ಟು, ಕಾರಿನಲ್ಲಿ ಸೀಟಿ ಹಾಕಿಕೊಂಡು ಮನೆಗೆ ಹೋಗಿದ್ದ.

ಆಮೇಲೆ ಅದನ್ನು ಮರೆತೂಬಿಟ್ಟಿದ್ದ. ಮರೆತು ತಾಯಿಗೆ ತಾನೇ ಟಿಕೆಟ್ಟು ಕೊಂಡು ಕೊಟ್ಟಿದ್ದ. ‘ಹೆಸರು ಹಾಕಿಲ್ಲ, ಆದರೆ ಅಧ್ಯಕ್ಷ ಮೆಟ್ಟಿಲಿಂದ ಬಿದ್ದು ನರಳ್ತಾನಲ್ಲ, ಅದು ನಾನು, ಕಿವಿ ಕೊಟ್ಟು ಕೇಳು.’ ತಾಯಿ ಚರ್ಚಿನ ಮೂವರು ಹೆಂಗಸರನ್ನು ಕರೆದುಕೊಂಡು ಹೋಗಿದ್ದಳು, ಮಗ ನರಳುವುದನ್ನು ಕೇಳಿಸಲು. ಕತ್ತಲಲ್ಲಿ ಅವಳಿಗೆ ಕೇಳಿಸಿದ್ದು ಗಂಡನ ಧ್ವನಿ. ಎದ್ದು ನಿಂತು, ಪರದೆಯ ಕಡೆ ಕೈ ಚಾಚಿ, “ಹ್ರಾಂತ್?” ಎಂದಿದ್ದಳಂತೆ. ಅಷ್ಟರಲ್ಲಿ ಗುಂಡು ಹಾರಿತು. ಹಿಂದಿನ ಸಾಲಿನವರು ಕೂತ್ಕೋ ಮುದುಕೀ ಎಂದರು. ಪಕ್ಕದಲ್ಲಿದ್ದ ಹೈಕಾನುಶ್ ಎಂಬಾಕೆ ಅದನ್ನು ಚರ್ಚಿನಲ್ಲಿ ಎಷ್ಟು ಮರುಕದಿಂದ ಹೇಳಿದಳೆಂದರೆ, ಒಂದೇ ವಾರದಲ್ಲಿ ಊರಿಗೆಲ್ಲ ಗೊತ್ತಾಗಿತ್ತು.

“ಕಾಫಿ ಕುಡಿದು ಬರೋಣ,” ಎಂದಳು ಲೊರೇನ್. ವಾಹಾನ್ ಹೆಡ್‌ಫೋನು ತೆಗೆದು ಆಚೆ ಕೋಣೆಗೆ ಬಂದ. ಸಕ್ಕರೆ ಬಳಿದ ಡೋನಟ್ಟುಗಳ ಪೆಟ್ಟಿಗೆಯಲ್ಲಿ ಒಂದೇ ಉಳಿದಿತ್ತು. ಮೂವರೂ ಅದನ್ನು ಸೌಜನ್ಯದಿಂದ ಮುಟ್ಟದೆ ನೋಡುತ್ತಿದ್ದರು.

“ಲೊರೇನ್, ಹತ್ತೊಂಬತ್ತಕ್ಕಿಂತ ಮುಂಚೆ ಒಂದಿದೆ. ಗಗನಸಖಿನ ಕೊಲ್ಲೋವಾಗ ಅವನು ಏನೋ ಅಂತಾನಲ್ಲ. ಅದನ್ನ ಬದಲಾಯಿಸಬೇಕು.”

“ಪಟ್ಟೀಲಿಲ್ಲ.”

“ಒಂದೇ ನಿಮಿಷದ ಕೆಲಸ.”

“ಚಿನ್ನಾ, ಪಟ್ಟೀಲಿ ಇರೋದನ್ನ ತೆಗೀಬೇಕು, ಇಲ್ಲದ್ದನ್ನ ಮುಟ್ಟಬಾರದು. ನಾನೇನು ಕತ್ತರಿ ಹಿಡ್ಕೊಂಡು ಸುಮ್ಮನೆ ಕೂತಿದೀನಾ?” ಅವಳು ಕನ್ನಡಕ ಇಳಿಸಿ ಕಡತ ತಿರುವಿದಳು. “ಇಲ್ಲಿ ನೋಡು. ‘ವಿದೇಶಿ ಭಾಷೆ, ಅಸ್ಪಷ್ಟ.’ ಅಸ್ಪಷ್ಟಕ್ಕೆ ಯಾರು ಕಾಗದ ಬರೀತಾರೆ?”

“ನನಗೆ ಬೇಕು ಅಂತ ಅಂದ್ಕೋ.”

“ನಿನಗೆ ಬೇಕು ಅಂತ ಬದಲಾಯಿಸಿದ್ರೆ, ಹಾಲ್ಕಂಬನಿಗೆ ಬೇಕು ಅಂತ ಮೂಗು ಬದಲಾಯಿಸಬೇಕಾಗತ್ತೆ.” ಡೆಲ್ ನಕ್ಕ. ಲೊರೇನ್ ನಗಲಿಲ್ಲ, ಅವಳು ಕೆಟ್ಟವಳಲ್ಲ, ಎರಡು ಸಕ್ಕರೆ ಹಾಕಿ ಅವನ ಕಾಫಿಯನ್ನು ತಾನೇ ಕಲಸುತ್ತಿದ್ದಳು. “ಬೈಗುಳ ಆಗಿದ್ರೆ ಮಾತು ಬೇರೆ. ಹೋದ ವರ್ಷ ಯಾವುದೋ ಪಿಕ್ಚರಲ್ಲಿ ಬೇರೆ ಭಾಷೇಲಿ ಏನೋ ಹೊಲಸು ಹೋಗಿಬಿಡ್ತು, ಆ ಜನವೆಲ್ಲ ಚಾನೆಲ್ ಮುಂದೆ ಬಂದು ಕೂತರು. ಅದಕ್ಕೇ ಈಗ ಒಂದು ಅರ್ಜಿ ಇಟ್ಟಿದಾರೆ. ಭಾಷೆ ಗೊತ್ತಿರೋರು ಅರ್ಥ ಬರೆದು ಸಹಿ ಹಾಕಿದ್ರೆ ಆಯ್ತು.” ಚಮಚ ನಿಂತಿತು. “ಯಾಕೆ, ಬೈಗುಳಾನಾ ಅದು?”

ಎಷ್ಟು ಸರಳ. ಕೊಳಕಾಗಿದ್ದರೆ ತೊಳೆಯುತ್ತೇವೆ, ಶುದ್ಧವಾಗಿದ್ದರೆ ಅಲ್ಲೇ ಬಿದ್ದಿರಲಿ. ಅಪ್ಪನನ್ನು ಇಳಿಸಿಕೊಳ್ಳಬೇಕಾದರೆ ಮೊದಲು ಅವನ ಮೈಗೆ ಸಗಣಿ ಬಳಿಯಬೇಕು. ವಾಹಾನ್ ಕಾಫಿಯ ಲೋಟ ತೆಗೆದುಕೊಂಡ. ಅದು ಬೆರಳು ಸುಡುತ್ತಿತ್ತು, ಸುಡಲಿ ಎಂದು ಹಿಡಿದೇ ಇದ್ದ.

“ಹೌದು,” ಎಂದ. “ಬೈಗುಳ.”

“ಹದಿನೆಂಟು ತಿಂಗಳು ಸುಮ್ಮನಿದ್ಯಾ, ಕಳ್ಳಾ!” ಡೆಲ್ ತೊಡೆ ತಟ್ಟಿಕೊಂಡ. “ಎಂಥದು? ಸಣ್ಣದಾ, ದೊಡ್ಡದಾ?”

“ದೊಡ್ಡದು.”

ಲೊರೇನ್ ಆಗಲೇ ಅರ್ಜಿ ತೆಗೆದು ಪೆನ್ನಿನ ಮುಚ್ಚಳ ಕಚ್ಚಿ ಕೂತಿದ್ದಳು. “ಹೇಳು. ಪೂರ್ತಿ. ಅರ್ಧಂಬರ್ಧ ಬರೆದ್ರೆ ವಾಪಸ್ ಕಳಿಸ್ತಾರೆ.” ವಾಹಾನ್ ಹೇಳಿದ. ಮೊದಲು ತಡವರಿಸಿದ, ಆಮೇಲೆ ಯಾವುದೋ ಕೆಟ್ಟ ಹುರುಪು ಬಂತು. ಈ ಅರ್ಜಿಯ ಮೇಲೆ, ಈ ಡೋನಟ್ಟಿನ ಮೇಲೆ, ಬದನೆಕಾಯಿ ಹೆಚ್ಚುತ್ತ ಕೂತ ತಾಯಿಯ ಮೇಲೆ, ಯಾಕೆ ಸತ್ತೆ ಎಂದು ಅಪ್ಪನ ಮೇಲೆ, ಎಲ್ಲರ ಮೇಲಿನ ಸಿಟ್ಟೂ ಸೇರಿ ಒಂದು ವಾಕ್ಯ ಕಟ್ಟಿತು. ಅದರಲ್ಲಿ ಒಬ್ಬಳು ತಾಯಿ ಇದ್ದಳು, ಒಂದು ಹೇಸರಗತ್ತೆ ಇತ್ತು, ಹಾಡಹಗಲಿತ್ತು, ಸಂತೆಯ ಜನವಿತ್ತು. ಎರಡೇ ಪದದಲ್ಲಿ ಇಷ್ಟೆಲ್ಲ ಹಿಡಿಯುವ ಭಾಷೆ ಭೂಮಿಯ ಮೇಲೆ ಇಲ್ಲ ಎಂದು ಯಾರಿಗೂ ಅನುಮಾನ ಬರಲಿಲ್ಲ. ಹೊರಗಿನವರ ಭಾಷೆಯ ಬಗ್ಗೆ ಜನ ಏನನ್ನಾದರೂ ನಂಬುತ್ತಾರೆ. ಲೊರೇನ್ ಬರೆಯುತ್ತ ಬರೆಯುತ್ತ ಕಣ್ಣೊರೆಸಿಕೊಂಡಳು. “ಹೇಸರಗತ್ತೆ! ಅಯ್ಯೋ ನನ್ನಪ್ಪಾ. ನಿಮ್ಮವರು ತುಂಬ ಹಳೇ ನಾಗರಿಕತೆಯವರು ಅಂತ ಕೇಳಿದ್ದೆ.”

“ಇನ್ನೊಂದ್ಸಲ ಅನ್ನು ಗುರೂ. ಥಾ... ಸಾವತ್?” ಎಂದ ಡೆಲ್.

ವಾಹಾನ್ ಅನ್ನಲಿಲ್ಲ. ಡೆಲ್ ತಾನೇ ಟೇಪು ಹಾಕಿದ. ಅಪ್ಪನ ನಾಲಿಗೆ ಟಕ್ ಎಂದಿತು. “ಈ ಟಕ್ ಇದೆಯಲ್ಲ, ಇದರಲ್ಲೇ ಇರೋದು ಹೊಲಸೆಲ್ಲ,” ಎಂದು ಲೊರೇನ್ ತಾನೂ ಟಕ್ ಎಂದಳು. ಆಮೇಲೆ ಬೆರಳು ಚೀಪುತ್ತ ಆ ಕೊನೆಯ ಡೋನಟ್ಟಿನ ಅರ್ಧ ಮುರಿದುಕೊಂಡು, ಪ್ರಿಂಟರಿನಲ್ಲಿ ಕಾಗದ ಸಿಕ್ಕಿಹಾಕಿಕೊಂಡಾಗ ಅದಕ್ಕೂ ಅಂದಳು, ತ್ಸಾವತ್ ತಾನೆಮ್, ಹಾಳಾದ್ದೇ. ಕೆಟ್ಟ ಯಂತ್ರಕ್ಕೆ ಅಪ್ಪನೂ ಅದನ್ನೇ ಅನ್ನುತ್ತಿದ್ದ. ವಾಹಾನ್ ಸಹಿ ಹಾಕಿದ. ಪೂರ್ತಿ ಹೆಸರು ಬರೆಯಬೇಕಿತ್ತು. ಮನ್ವೆಲ್ಯಾನ್ ಎಂದು ಬರೆಯುವಾಗ ಪೆನ್ನು ಕಾಗದವನ್ನು ಹರಿಯಿತು.

ಬದಲಿಯ ಮಾತು ಮುಗಿಯಲು ಒಂದು ನಿಮಿಷವೂ ಬೇಕಾಗಲಿಲ್ಲ. ಸುಮ್ಮನಿರು ಎಂಬರ್ಥದ ಒಂದು ಸಪ್ಪೆ ಪದವನ್ನು ಅವನು ಯಾರದೂ ಅಲ್ಲದ ಧ್ವನಿಯಲ್ಲಿ ಹೇಳಿದ. ಪಿಸ್ತೂಲು, ಸುಮ್ಮನಿರು, ಗುಂಡು. “ಚೆನ್ನಾಗಿದೆ, ಯಾರಿಗೂ ನೆನಪಿರಲ್ಲ,” ಎಂದಳು ಲೊರೇನ್. ಅವನು ಗಾಜಿನ ಈಚೆ ನಿಂತು ಉಸಿರು ಬಿಟ್ಟ. ಆಯಿತು. ಶನಿವಾರ ಗಂಟೆ ಒತ್ತಬಹುದು. ಇಳಿಸಿದೆ ಅಮ್ಮ ಎನ್ನಬಹುದು. ಹೇಗೆ ಇಳಿಸಿದೆ ಎಂದು ಅವಳು ಕೇಳುವುದಿಲ್ಲ, ಅವಳು ಎಂದೂ ಅವನ ಕೆಲಸದ ವಿವರ ಕೇಳಿದವಳಲ್ಲ.

ಗಾಜಿನ ಆಚೆ ಡೆಲ್ ಮುಂದಿನ ದೃಶ್ಯ ಹಾಕುವುದನ್ನು ಬಿಟ್ಟು ಕೂತಿದ್ದ. ಹುಬ್ಬು ಗಂಟಾಗಿತ್ತು. ಅವನು ಮಾತಿನ ಗುಂಡಿ ಒತ್ತಿದ. “ವ್ಯಾನ್. ಆ ಮಾತನ್ನ ಹೆಂಗಸರೂ ಅಂತಾರಾ? ವಯಸ್ಸಾದೋರು?”

“ಯಾಕೆ?”

“ನಮ್ಮ ಪಕ್ಕದ ಮನೇಲಿ ಒಬ್ಬಳು ಅಜ್ಜಿ ಇದಾಳೆ, ನಿಮ್ಮೋಳು. ಕರೀ ಸ್ಕಾರ್ಫು. ದಿನಾ ಬೆಳಿಗ್ಗೆ ಬೇಲಿ ಹತ್ರ ನಿಂತು ನನ್ನ ಮಗಳ ಕೆನ್ನೆ ಹಿಡಿದು ಇದನ್ನೇ ಅಂತಾಳೆ. ಏಪ್ರಿಕಾಟ್ ಹಣ್ಣು ಕೊಡ್ತಾಳೆ, ಅಂತಾಳೆ. ನಾನು ಮುದ್ದು ಮಾಡ್ತಿದಾಳೆ ಅಂದ್ಕೊಂಡಿದ್ದೆ. ಐದು ವರ್ಷದ ಮಗೂಗೆ...” ಗುಂಡಿಯ ಮೇಲಿನ ಬೆರಳು ಬಿಳುಪಾಗಿತ್ತು. “ನನ್ನ ಮಗಳು ಕಲಿತುಬಿಟ್ಟಿದಾಳೆ ಗುರೂ! ಭಾನುವಾರ ನಮ್ಮ ಪಾದ್ರಿಗೇ ಅಂದಳು!”

ಬೆರಳು ಗುಂಡಿ ಬಿಟ್ಟಿತು, ಧ್ವನಿ ಕಡಿದುಹೋಯಿತು. ಡೆಲ್ ಹೆಂಡತಿಗೆ ಫೋನು ಮಾಡಿದ. ಈಗ ವಾಹಾನನಿಗೆ ತನ್ನ ಉಸಿರಾಟವೊಂದೇ ಕೇಳಿಸುತ್ತಿತ್ತು. ಆದರೆ ಹದಿನಾರು ವರ್ಷ ತುಟಿ ನೋಡಿ ಬದುಕಿದವನಿಗೆ ಧ್ವನಿ ಏಕೆ ಬೇಕು? ಅವಳನ್ನ ಒಳಗೆ ಕರ್ಕೋ, ಎಂದವು ಡೆಲ್‌ನ ತುಟಿಗಳು. ಇವತ್ತಿಂದ ಆ ಬೇಲಿ ಹತ್ರ ಬಿಡಬೇಡ. ನಾನು ಬಂದು ಆ ಮುದುಕಿಗೆ ಹೇಳ್ತೀನಿ. ಹಣ್ಣು ಎಸೆದುಬಿಡು. ವಾಹಾನ್ ನೋಡುತ್ತ ನಿಂತ. ಯಾರೋ ಮುದುಕಿ. ಇಂಥ ಮುದುಕಿಯರು ಗ್ಲೆಂಡೇಲಿನಲ್ಲಿ ಬೀದಿಗೆ ಹತ್ತು ಜನ ಇದ್ದಾರೆ, ಗಂಡನನ್ನು ಕಳೆದುಕೊಂಡವರು, ಮೊಮ್ಮಕ್ಕಳು ದೂರ ಇರುವವರು, ಪಕ್ಕದ ಮನೆಯ ಕೆನ್ನೆಗಳಿಂದ ದಿನ ದೂಡುವವರು. ಸಂಜೆ ಈ ದೊಡ್ಡ ಹೊಟ್ಟೆಯ ಮನುಷ್ಯ ಬೇಲಿಯ ಬಳಿ ನಿಂತು ಕೂಗುತ್ತಾನೆ. ಅವಳಿಗೆ ಅರ್ಧ ಅರ್ಥವಾಗುವುದಿಲ್ಲ. ಅರ್ಥವಾಗದಿದ್ದಾಗ ಅವಳು ಸಿಟ್ಟಾದವನಿಗೆ ಹೇಳುವುದೂ ಅದನ್ನೇ. ತಾನು ಬಾಯಿಬಿಟ್ಟರೆ ಅಪ್ಪ ಮತ್ತೆ ವಿಮಾನದಲ್ಲಿ. ಬಾಯಿ ಮುಚ್ಚಿದರೆ ಈ ಎರಡು ಪದಗಳು ಅರ್ಜಿಯಿಂದ ಎದ್ದು ಊರಿಗೆ ನಡೆಯುತ್ತವೆ, ಮನೆಮನೆಯ ಬೇಲಿಗೆ. ಯೋಚಿಸುತ್ತ ನಿಂತ ಅಷ್ಟು ಹೊತ್ತು, ಮೂರೋ ನಾಲ್ಕೋ ಉಸಿರು, ಅವನು ನಿಜವಾಗಿಯೂ ಸುಮ್ಮನಿರಬೇಕೆಂದಿದ್ದ. ಕೋಪ ಬಂದದ್ದು ಅದಕ್ಕೆ. ಅವನು ಗಾಜಿಗೆ ಮುಷ್ಟಿಯಿಂದ ಗುದ್ದಿದ. ಮೈಕಿನೊಳಗೆ ಅರಚಿದ. ಡೆಲ್ ಮೈಕಿನ ಸದ್ದು ಇಳಿಸಿಟ್ಟಿದ್ದ. ಗಾಜಿನ ಆಚೆಯವರಿಗೆ ಕಂಡದ್ದು ಸದ್ದಿಲ್ಲದೆ ಬಾಯಿ ಬಡಿಯುತ್ತಿದ್ದ ಒಬ್ಬ ಮನುಷ್ಯ.

ಹೆಡ್‌ಫೋನಿನ ತಂತಿ ಕೊರಳಿಗೆ ಸುತ್ತಿಕೊಂಡಂತೆಯೇ ಅವನು ಬಾಗಿಲು ತಳ್ಳಿಕೊಂಡು ಆಚೆ ಬಂದ. “ಫೋನ್ ಇಡಬೇಡ. ಅವಳಿಗೆ ಹೇಳು, ಸುಳ್ಳು ಅಂತ ಹೇಳು. ನಾನು ಹೇಳಿದ್ದು ಸುಳ್ಳು.”

“ಏನು ಸುಳ್ಳು?”

“ಹೇಸರಗತ್ತೆ ಇಲ್ಲ ಅದರಲ್ಲಿ. ತಾಯಿ ಇಲ್ಲ. ನಿನ್ನ ನೋವು ನನಗಿರಲಿ ಅಂತ, ಅಷ್ಟೇ ಅದರ ಅರ್ಥ. ಆ ಅಜ್ಜಿ ನಿನ್ನ ಮಗಳ ನೋವೆಲ್ಲ ತಾನು ತಗೋತೀನಿ ಅಂತಿದಾಳೆ. ದಿನಾ ಬೆಳಿಗ್ಗೆ.”

ಡೆಲ್ ಫೋನನ್ನು ಎದೆಗೆ ಒತ್ತಿ ಹಿಡಿದಿದ್ದ. ಒಳಗಿಂದ ಹೆಂಗಸಿನ ಧ್ವನಿ ಹಲೋ ಹಲೋ ಎನ್ನುತ್ತಿತ್ತು. “ಮತ್ತೆ ಯಾಕೆ ಹಾಗಂದೆ?”

“ಅದು ನಮ್ಮಪ್ಪನ ಧ್ವನಿ. ಸತ್ತುಹೋಗಿದಾನೆ. ನಾನೇ ಅಲ್ಲಿ ಹಾಕಿದ್ದು. ತೆಗೆಯೋಕೆ ಬೇರೆ ದಾರಿ ನೀವಿಟ್ಟಿಲ್ಲ.”

ಡೆಲ್ ಫೋನನ್ನು ಕಿವಿಗೆ ಇಟ್ಟುಕೊಂಡು, “ಏನೂ ಇಲ್ಲ ಕಣೇ. ಆಡಲಿ ಬಿಡು. ಹಣ್ಣು ಎಸೀಬೇಡ. ಆಮೇಲೆ ಹೇಳ್ತೀನಿ” ಎಂದು ಇಟ್ಟ. ವಾಹಾನನ ಕಡೆ ತಿರುಗಿದಾಗ ಅವನ ಮುಖದಲ್ಲಿ ಆ ದೊಡ್ಡ ನಗುವಿನ ಗುರುತೇ ಇರಲಿಲ್ಲ. “ನಿನ್ನಪ್ಪನ ಬಗ್ಗೆ ನೀನು ಏನಾದ್ರೂ ಅನ್ಕೋ. ನಾನು ಇವತ್ತು ಸಂಜೆ ಆ ಮುದುಕಿ ಮುಖಕ್ಕೆ ಉಗೀತಿದ್ದೆ. ನೀನು ಆ ಗಾಜಿನ ಹಿಂದೆ ನಿಂತು ನೋಡ್ತಿದ್ದೆ. ನಾನು ಕಂಡೆ. ಎಷ್ಟು ಹೊತ್ತು ನೋಡ್ತಾ ನಿಂತಿದ್ದೆ ಅಂತ ಕಂಡೆ.”

ಲೊರೇನ್ ಅರ್ಜಿಯನ್ನು ನಿಧಾನವಾಗಿ ಎರಡು ತುಂಡು ಮಾಡಿದಳು, ಮತ್ತೆ ಎರಡು. ಈಗ ಅವಳು ಚಿನ್ನಾ ಎನ್ನಲಿಲ್ಲ. “ಸಹಿ ಹಾಕಿದೀಯ ಇದಕ್ಕೆ. ಇದು ಹೊರಗೆ ಹೋಗಿದ್ರೆ ನನ್ನ ಕೆಲಸ ಹೋಗ್ತಿತ್ತು. ಡೆಲ್, ಹಳೇದನ್ನೇ ವಾಪಸ್ ಹಾಕು. ಬೈಗುಳ ಅಲ್ಲದ ಮೇಲೆ ಮುಟ್ಟೋ ಹಾಗಿಲ್ಲ. ಮಿಸ್ಟರ್ ಮನ್ವೆಲ್ಯಾನ್, ಉಳಿದ ಇಪ್ಪತ್ಮೂರು ಮುಗಿಸಿಕೊಡಿ. ಮುಂದಿನ ಪಿಕ್ಚರಿಗೆ ಬೇರೆಯವರನ್ನ ನೋಡ್ಕೋತೀವಿ.” ಹದಿನಾರು ವರ್ಷದಲ್ಲಿ ಆ ಕಟ್ಟಡದೊಳಗೆ ಅವನ ಹೆಸರನ್ನು ಯಾರಾದರೂ ಸರಿಯಾಗಿ ಹೇಳಿದ್ದು ಅದೇ ಮೊದಲು. ಅವಳು ಚಾನೆಲ್ಲಿಗೆ ಫೋನು ಮಾಡಲು ಹೊರಗೆ ಹೋದಳು. ಬಾಗಿಲು ಹಾಕಿಕೊಂಡ ಸದ್ದೂ ಆ ಕೋಣೆಯಲ್ಲಿ ಮೆತ್ತಗೇ ಇತ್ತು.

ವಾಹಾನ್ ತನ್ನ ಪೆಟ್ಟಿಗೆಯಂಥ ಕೋಣೆಗೆ ಹಿಂತಿರುಗಿ ಹೆಡ್‌ಫೋನು ಹಾಕಿಕೊಂಡ. ಬೇರೇನು ಮಾಡಬೇಕೆಂದು ತೋಚಲಿಲ್ಲ. ಹೋಗಿಬಿಡಬಹುದಿತ್ತು, ಆದರೆ ಹೋಗುವುದಕ್ಕೂ ಒಂದು ಮರ್ಯಾದೆ ಬೇಕಾಗುತ್ತದೆ. ಪರದೆಯ ಮೇಲೆ ಡೆಲ್ ಹಳೆಯ ಪ್ರತಿಯನ್ನು ಹಾಕಿ ಸರಿಯಾಗಿ ಕೂತಿದೆಯೇ ಎಂದು ನೋಡುತ್ತಿದ್ದ. ಗಗನಸಖಿಯನ್ನು ಎಳೆದು ತಂದರು. ಪಿಸ್ತೂಲು ಹಣೆಗೆ ಬಂತು. ಟಕ್. ತ್ಸಾವತ್ ತಾನೆಮ್. ಗುಂಡು. ಡೆಲ್ ಹಿಂದಕ್ಕೆ ಓಡಿಸಿದ, ಸತ್ತವಳು ಎದ್ದಳು, ಮತ್ತೆ ಎಳೆದು ತಂದರು. ಈ ಸಲ ಏನೋ ಬೇರೆಯಾಗಿತ್ತು. ವಿಮಾನದ ಇಂಜಿನ್ನಿನ ಮೊರೆತ, ಇಷ್ಟು ಹೊತ್ತೂ ಹಿನ್ನೆಲೆಯಲ್ಲಿ ಗುಂಯ್ ಎನ್ನುತ್ತಿದ್ದದ್ದು, ಪಿಸ್ತೂಲು ಏರುವ ಹೊತ್ತಿಗೆ ತಾನೂ ಏರಿತು. ಅಪ್ಪನ ಮಾತಿನ ಮೇಲೆ ಹಾಸಿದಂತೆ ಹರಿದು, ಗುಂಡು ಹಾರಿದ ಮೇಲೆ ತಗ್ಗಿತು. ಗಾಜಿನ ಆಚೆ ಡೆಲ್ ತಲೆ ಎತ್ತದೆ ಕೂತಿದ್ದ. ಅವನ ಆ ಸಪೂರ ಬೆರಳು ಒಂದು ಗುಂಡಿಯನ್ನು ಕೂದಲೆಳೆಯಷ್ಟು ಮೇಲೆ ದೂಡಿ, ಹಿಂದಕ್ಕೆ ಓಡಿಸಿ, ಮತ್ತೆ ಕೂದಲೆಳೆಯಷ್ಟು ದೂಡುತ್ತಿತ್ತು.

ವಾಹಾನ್ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದ. ಅದರ ಹಿಂದೆಯೇ ಉರಿ ಬಂತು. ಒದೆಯುವವನಿಗೆ ತಿರುಗಿ ಒದೆಯಬಹುದು. ಇವನನ್ನು ಏನು ಮಾಡುವುದು? ಅವನು ಬಾಯಿ ತೆರೆದ.

“ಥ್ಯಾಂಕ್ಸ್ ಅನ್ನಬೇಡ,” ಎಂದ ಡೆಲ್, ಗುಂಡಿ ಒತ್ತಿ. “ನಿನಗೋಸ್ಕರ ಅಲ್ಲ ಇದು. ಆ ಅಜ್ಜಿ ಮನೇಲೂ ಟೀವಿ ಇದೆ.”

“ಲೊರೇನ್ ಕೇಳಿದ್ರೆ?”

“ವಿಮಾನ ಅಮ್ಮಾ, ಸದ್ದು ಮಾಡತ್ತೆ ಅಂತೀನಿ. ಕೇಳು ಈಗ.”

ಮತ್ತೆ ಓಡಿಸಿದ. ವಾಹಾನ್ ಕಣ್ಣು ಮುಚ್ಚಿಕೊಂಡ. ಪದಗಳು ಹೋಗಿದ್ದವು, ಪೂರ್ತ ಹೋಗಿದ್ದವು. ಐವತ್ತು ರಾಜ್ಯಗಳಲ್ಲಿ, ಸೋಫಾಗಳ ಮೇಲೆ, ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಕೂತ ಯಾರಿಗೂ ಇನ್ನು ಅವು ಕೇಳಿಸುವುದಿಲ್ಲ. ಆದರೆ ಮೊರೆತದ ಅಡಿಯಲ್ಲಿ, ನೀರಿನ ತಳದ ಕಲ್ಲಿನ ಹಾಗೆ, ಆ ಟಕ್ ಇತ್ತು. ಅದು ಎಲ್ಲಿ ಬರುತ್ತದೆ ಎಂದು ಗೊತ್ತಿದ್ದವರಿಗೆ ಮಾತ್ರ ಇತ್ತು. ನಲವತ್ತೆಂಟು ವರ್ಷ ಪಕ್ಕದ ದಿಂಬಿನಿಂದ ಅದನ್ನು ಕೇಳಿದವಳಿಗೆ ಇತ್ತು. ಅವಳು ಟೀವಿಯ ಸದ್ದು ಹೆಚ್ಚಿಸುತ್ತಾಳೆ, ಎದ್ದು ನಿಲ್ಲುತ್ತಾಳೆ.

“ಇನ್ನೂ ಕೇಳತ್ತೆ,” ಎಂದ ವಾಹಾನ್.

“ಎಲ್ಲಿ? ನನಗೆ ಕೇಳಲ್ಲ. ನನ್ನ ಕಿವಿಗೇ ಕೇಳಲ್ಲ.”

“ಅಮ್ಮನಿಗೆ ಕೇಳತ್ತೆ. ಏರಿಸು.”

ಡೆಲ್ ಮೊದಲ ಸಲ ತಲೆ ಎತ್ತಿ ಅವನನ್ನು ನೇರ ನೋಡಿದ. “ಇದಕ್ಕಿಂತ ಏರಿಸಿದ್ರೆ, ಇಂಜಿನ್ ಕೆಟ್ಟು ವಿಮಾನ ಬೀಳ್ತಿದೆ ಅಂದ್ಕೋತಾರೆ ನೋಡೋರು.”

“ಬೀಳಲಿ,” ಎಂದ ವಾಹಾನ್.